ನೋಡದ ಆರು ದಿನ

ಕೆಂಪಹಳ್ಳದ ಹವೆಮನೆ
ಇಸವಿ ೨೧೭೪, ನೂರಾ ಹನ್ನೆರಡನೇ ಒಣದಿನ

ನೂರೈವತ್ತು ವರ್ಷ ಹಿಂದಿನವರೇ,

ನಮ್ಮ ತಾರೀಕು ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ಕೊನೆಯ ಮಳೆಯಿಂದ ಈಚೆಗೆ ದಿನ ಎಣಿಸುವುದು ನಮ್ಮ ರೂಢಿ. ಹವೆಮನೆ ಎಂದರೆ ಮಳೆ, ಗಾಳಿ, ಬಿಸಿಲನ್ನು ಅಳೆದು ಬರೆದಿಡುವ ಮನೆ. ದೇಶದಲ್ಲಿ ಈಗ ಕೆಲವೇ ಉಳಿದಿವೆ. ಇದನ್ನು ಮೂವತ್ತೊಂದು ವರ್ಷ ನೋಡಿಕೊಂಡವಳು ನನ್ನ ಅಕ್ಕ ನೀಲಗಂಗವ್ವ. ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದುತ್ತಿದ್ದಳು. ಸುಡುಬಿಸಿಲಿನ ದಿನವೂ ಹೋಗಿ ನೋಡಿಯೇ ಸೊನ್ನೆ ಬರೆಯುತ್ತಿದ್ದಳು. ಅವಳ ಪುಸ್ತಕದಲ್ಲಿ ಒಂದು ದಿನವೂ ಖಾಲಿ ಇರಲಿಲ್ಲ.

ಅವಳು ಹಾಸಿಗೆ ಹಿಡಿದಾಗ ಅವಳ ಬದಲು ಬರೆಯುವ ಕೆಲಸ ನನಗೆ ಬಂತು. ಆರು ದಿನ ನಾನು ಅವಳ ಪಕ್ಕ ಬಿಟ್ಟು ಏಳಲಿಲ್ಲ. ಏಳನೇ ದಿನ ಹೋದರೆ ಮಾಪಕದಲ್ಲಿ ನೀರು ನಿಂತಿತ್ತು. ಯಾವ ದಿನದ್ದೆಂದು ಬರೆಯಲಿ? ಖಾಲಿ ಬಿಡಲು ಮನಸ್ಸಾಗದೆ, ನೀರನ್ನು ಗಿಡದ ಬುಡಕ್ಕೆ ಚೆಲ್ಲಿ ಆರು ಸೊನ್ನೆ ಬರೆದೆ.

ಅಕ್ಕ ಪುಸ್ತಕ ತರಿಸಿ ನೋಡಿದಳು. “ಮೂರನೇ ರಾತ್ರಿ ನಿನಗ ನಿದ್ದಿ ಹತ್ತಿದಾಗ ಹೆಂಚಿನ ಮ್ಯಾಲೆ ಮಳಿ ಸಪ್ಪಳ ನಾ ಕೇಳೀನಿ ತಂಗಿ. ಮಳಿರಾಯ ಬಂದು ಬಾಗಿಲಾ ಬಡದು ಹ್ವಾದ, ನೀ ನೋಡಿದರ ಬಂದೇ ಇಲ್ಲ ಅಂತಿ.” ನಗಲು ಹೋಗಿ ಕೆಮ್ಮಿದಳು. “ನೋಡಿಲ್ಲಂದ್ರ ನೋಡಿಲ್ಲ ಅಂತ ಬರಿ. ಅದಕ್ಯಾಕ ನಾಚಿಕಿ?”

ಮರುದಿನ ಅವಳು ಹೋದಳು. ನಾನು ತಿದ್ದಲಿಲ್ಲ. ಒಂದು ಸುಳ್ಳು ಸಂಖ್ಯೆ ಸಿಕ್ಕರೂ ಆ ಮನೆಯ ಪುಸ್ತಕವನ್ನೇ ದೇಶದ ದಾಖಲೆಯಿಂದ ತೆಗೆಯುವ ನಿಯಮ ನಮ್ಮಲ್ಲಿದೆ. ಅಕ್ಕನದಾಗಿ ಉಳಿದಿರುವುದು ಆ ಪುಸ್ತಕ ಒಂದೇ.

ಅಂಥ ನಿಯಮ ಬಂದದ್ದು ನಿಮ್ಮಿಂದ. ಮಳೆ ನೋಡಿ ಬರೆಯುವವರನ್ನು ಕೆಲಸದಿಂದ ತೆಗೆದ ಮೇಲೆ, ನೀವು ಕೆಂಪಹಳ್ಳದ ಪುಟಗಳಿಗೆ ಸುಮ್ಮನೆ ಸೊನ್ನೆ ತುಂಬಿದಿರಿ. ಇಲ್ಲಿ ಮಳೆಯೇ ಇಲ್ಲವೆಂದು ನಂಬಿ ನಮ್ಮ ಹಿರಿಯರು ಹಳ್ಳದ ಪಾತ್ರದಲ್ಲಿ ಮನೆ ಕಟ್ಟಿದರು. ಒಂದೇ ಮಳೆಗೆ ನಾಲ್ಕು ಓಣಿ ಕೊಚ್ಚಿಹೋದವು. ನಮ್ಮ ಅಜ್ಜಿ ಅದರಲ್ಲಿದ್ದಳು. ನಿಮ್ಮನ್ನು ಬೈಯುತ್ತಲೇ ಬೆಳೆದವಳು ನಾನು. ನೀವು ಮಾಡಿದ್ದನ್ನೇ ಮಾಡಿದೆ.

ನಿಮ್ಮಲ್ಲಿ ನನ್ನದೊಂದೇ ಕೇಳಿಕೆ. ನೋಡುವವರನ್ನು ಉಳಿಸಿಕೊಳ್ಳಿ. ಆಗದಿದ್ದರೆ ಪುಟ ಖಾಲಿ ಬಿಡಿ. ಖಾಲಿ ಜಾಗ ನೋಡಿದರೆ ನಾವು ಹುಷಾರಾಗಿರುತ್ತೇವೆ.

ಇವತ್ತು ಆರು ಸೊನ್ನೆಗಳನ್ನೂ ಹೊಡೆದುಹಾಕಿ, ‘ನೋಡಿಲ್ಲ’ ಎಂದು ಬರೆದು, ನೀರು ಚೆಲ್ಲಿದ್ದನ್ನೂ ಬರೆದು, ಕೆಳಗೆ ನನ್ನ ಹೆಸರು ಹಾಕಿದ್ದೇನೆ. ಪುಸ್ತಕ ನಾಳೆ ದೇಶದ ದಾಖಲೆಯ ಕಚೇರಿಗೆ ಹೋಗುತ್ತದೆ, ಬಹುಶಃ ಮರಳಿ ಬರುವುದಿಲ್ಲ. ಈ ಕಾಗದದ ಮೇಲಿನ ನೂರಾ ಹನ್ನೆರಡು, ಅಕ್ಕ ಹಾಸಿಗೆಯಲ್ಲಿ ಕೇಳಿದ ಆ ಮಳೆಯಿಂದ ಎಣಿಸಿದ್ದು.

ಎಂಟೂವರೆ ಆಗುತ್ತಾ ಬಂತು. ಆಕಾಶದಲ್ಲಿ ಏನೂ ಇಲ್ಲ. ಹೋಗಿ ನೋಡಿ ಬರುತ್ತೇನೆ.

ಗುರುಬಾಳವ್ವ