ಹೆಚ್ಚುವರಿ ಹಾಳೆಯ ಕೊನೆಯ ಸಾಲು

ಹಾವೇರಿ, 30 ಫೆಬ್ರುವರಿ 2191

ಸ್ನೇಹಲತಾ ಕರ್ಜಗಿಯವರಿಗೆ, ನಿಮ್ಮ ಆರನೆಯ ತಲೆಮಾರಿನ ನೀಲಮ್ಮನ ನಮಸ್ಕಾರಗಳು.

ತಾರೀಖು ತಪ್ಪಿಲ್ಲ, ನಮ್ಮ ಫೆಬ್ರುವರಿಗೆ ಮೂವತ್ತು ದಿನ. ನನ್ನ ಕನ್ನಡ ಎಲ್ಲಾದರೂ ವಿಚಿತ್ರ ಎನಿಸಿದರೆ ಕ್ಷಮಿಸಿ, ಮಾತನಾಡಲು ನನಗೆ ಮನೆಯಲ್ಲಿ ಯಾರೂ ಇಲ್ಲ. ನಿಮಗೀಗ ಇಪ್ಪತ್ತೊಂಬತ್ತು, ನನಗೆ ಐವತ್ತೊಂದು. ಅಜ್ಜಿ ಎನ್ನಲು ನಗು ಬರುತ್ತದೆ, ಆದರೂ ಹಾಗೆಯೇ ಕರೆಯುತ್ತೇನೆ.

ಅಜ್ಜಿ, ನಾನೂ ನಿಮ್ಮಂತೆ ಸಂಶೋಧಕಿ, ಜೋಳದ ಹಳೆಯ ತಳಿಗಳನ್ನು ಹುಡುಕುವವಳು. ನಮ್ಮಲ್ಲಿ ಅಳಿದುಹೋದ ಒಂದು ತಳಿಯ ಬೀಜ ನಾರ್ವೆಯ ಪ್ರಯೋಗಾಲಯವೊಂದರಲ್ಲಿ ಉಳಿದಿದೆ. ಎರಡು ವರ್ಷದ ಕೆಲಸಕ್ಕೆ ಅವರು ನನ್ನನ್ನು ಕರೆದಿದ್ದಾರೆ. ನೀವು ವೀಸಾ ಎನ್ನುವುದನ್ನು ನಾವು ದಾಟುಚೀಟಿ ಎನ್ನುತ್ತೇವೆ. ಹೆಸರು ಬದಲಾಗಿದೆ, ಅಲೆದಾಟ ಬದಲಾಗಿಲ್ಲ. ಪದವಿಪತ್ರ, ರಕ್ತಪರೀಕ್ಷೆ, ಆಹ್ವಾನಪತ್ರ ಎಲ್ಲ ಕೊಟ್ಟಾಯಿತು. ಉಳಿದಿರುವುದು ‘ಹಾದಿಗರು’ ಎಂಬ ಅಂಕಣ ಮಾತ್ರ. ಹೋದವರ ಹಾದಿ ಕಾಯಲು ಊರಲ್ಲಿ ಒಬ್ಬರು ಇರಲೇಬೇಕು. ಪ್ರತಿ ತಿಂಗಳ ಮೊದಲ ಸೋಮವಾರ ಅವರು ಕಚೇರಿಗೆ ಬಂದು, ಇನ್ನೂ ಕಾಯುತ್ತಿದ್ದೇನೆ ಎಂದು ಹೇಳಿ ಹೆಬ್ಬೆಟ್ಟು ಒತ್ತಬೇಕು. ಒಬ್ಬರು ಒಬ್ಬರಿಗಷ್ಟೇ ಹಾದಿಗರಾಗಬಹುದು. ಪಕ್ಕದ ಮನೆಯ ಚೆನ್ನವ್ವ ಮಗಳ ಹಾದಿ ಕಾಯುತ್ತಾಳೆ, ಎದುರುಮನೆಯ ಫಕೀರಪ್ಪ ಅಳಿಯನದು. ಆ ಸೋಮವಾರ ಅವರೆಲ್ಲ ಒಳ್ಳೆಯ ಬಟ್ಟೆ ತೊಟ್ಟು, ಬುತ್ತಿ ಕಟ್ಟಿಕೊಂಡು, ಹರಟುತ್ತ ಹೋಗುವುದನ್ನು ಕಿಟಕಿಯಿಂದ ನೋಡುತ್ತೇನೆ. ಸುಳ್ಳೇಕೆ, ಹೊಟ್ಟೆಕಿಚ್ಚಾಗುತ್ತದೆ.

ಹಾದಿಗರೊಬ್ಬರನ್ನು ಹುಡುಕುತ್ತ ಮೂರು ತಿಂಗಳು ಚಪ್ಪಲಿ ಸವೆಸಿದೆ. ಕೊನೆಗೆ ಕಚೇರಿಯ ಗುಮಾಸ್ತ ನಕ್ಕು, “ಸತ್ತವರದಾದ್ರೂ ಅಡ್ಡಿಯಿಲ್ರೀ ಅಕ್ಕಾರ, ಒಂದು ಸಹಿ ತಗೊಂಡು ಬರ್ರಿ” ಎಂದ. ತಮಾಷೆಗೆ ಅಂದದ್ದೆಂದು ನನಗೂ ಗೊತ್ತು. ಆದರೂ ಮನೆಗೆ ಬಂದವಳೇ, ತಲೆಮಾರುಗಳಿಂದ ನಮ್ಮ ಮನೆಯಲ್ಲಿ ಉಳಿದುಬಂದ ನಿಮ್ಮ ಹಳೆಯ ಫೈಲು ತೆರೆದೆ.

ಅದರಲ್ಲಿ ನಿಮ್ಮ ವೀಸಾ ಅರ್ಜಿಯ ಝೆರಾಕ್ಸ್ ಇದೆ. ಊರಲ್ಲಿ ನಿಮಗೆ ಯಾರು ಯಾರಿದ್ದಾರೆ ಎಂಬ ಪ್ರಶ್ನೆಗೆ, ಜಾಗ ಸಾಲದೆ, ಹೆಚ್ಚುವರಿ ಹಾಳೆ ಲಗತ್ತಿಸಿದ್ದೀರಿ! ಅವ್ವ, ಅಪ್ಪ, ಇಬ್ಬರು ತಮ್ಮಂದಿರು, ಸೋದರತ್ತೆ, ಹಾಸ್ಟೆಲಿನ ಗೆಳತಿ ಮುಮ್ತಾಜ್... ಒಟ್ಟು ಹದಿನಾಲ್ಕು ಹೆಸರು. ಓದುತ್ತ ಓದುತ್ತ ಅತ್ತುಬಿಟ್ಟೆ.

ಹಿಂದಿನ ಕಾಲಕ್ಕೆ ಪತ್ರ ಒಯ್ಯುವ ಹಿಂದಂಚೆ ನಮಗೆ ಬದುಕಿನಲ್ಲಿ ಒಂದೇ ಸಲ ಸಿಗುತ್ತದೆ. ಹೆಚ್ಚಿನವರು ತೀರಿಕೊಂಡ ತಾಯಿಗೆ ಬರೆಯುತ್ತಾರೆ. ಪತ್ರ ತಲುಪಿತೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ. ನಾನು ನಿಮ್ಮ ಅರ್ಜಿಯ ತಾರೀಖು ನೋಡಿಯೇ ಕಳಿಸುತ್ತಿದ್ದೇನೆ; ಇದು ಬರುವಾಗ ಅದಿನ್ನೂ ನಿಮ್ಮ ಮೇಜಿನ ಮೇಲಿರುತ್ತದೆ. ನಿಮಗೆ ವೀಸಾ ಸಿಗುವುದೋ ಇಲ್ಲವೋ ಹೇಳಲು ಅಂಚೆಯವರು ಬಿಡುವುದಿಲ್ಲ.

ಕೇಳುವುದು ಇಷ್ಟೇ. ಆ ಹಾಳೆಯ ಝೆರಾಕ್ಸಿನ ಕೆಳಗೆ, ನೀಲಮ್ಮನ ಹಾದಿ ನಾನು ಕಾಯುತ್ತೇನೆ ಎಂದು ಬರೆದು ಸಹಿ ಮಾಡಿ. ಗುಮಾಸ್ತ ಒಪ್ಪಲಿಕ್ಕಿಲ್ಲ. ಒಪ್ಪದಿದ್ದರೂ ನನಗೆ ಅದು ಬೇಕು.

ನಾಳೆ ಬೆಳಿಗ್ಗೆ ಕಚೇರಿಗೆ ಹೊರಡುವ ಮುನ್ನ ಫೈಲು ತೆರೆದು ನೋಡುತ್ತೇನೆ. ಸದ್ಯಕ್ಕೆ ಹದಿನಾಲ್ಕನೆಯ ಹೆಸರಿನ ಕೆಳಗೆ ಎರಡು ಬೆರಳಿನಷ್ಟು ಜಾಗ ಖಾಲಿ ಇದೆ.

ನಿಮ್ಮ
ನೀಲಮ್ಮ