ಸದ್ದಿಲ್ಲದೆ ಬಂದ ಗಾಡಿ

ಮಾಸ್ಮನ್, ಕ್ವೀನ್ಸ್‌ಲ್ಯಾಂಡ್
ಭಾನುವಾರ, ಸೆಪ್ಟೆಂಬರ್ 15, 1996

ಪ್ರೀತಿಯ ಗಾರ್ತ್,

ಹೇಗಿದ್ದೀಯ? ಅಂಗೈ ಗಾಯ ಮಾಗಿತೇ? ಸೀಗಡಿ ಬಲೆ ಎಳೆಯುವಾಗ ಕೈಗವಸು ಹಾಕಿಕೋ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಮುಂದಿನ ಸಲ ಗಾಯವಾದರೆ ನನಗೆ ಬರೆಯಬೇಡ, ನಿನ್ನ ದೋಣಿಯ ಅಡುಗೆಯವನಿಗೆ ಹೇಳಿಕೋ. ಅವನು ಈಗಲೂ ದಿನಾ ಅದೇ ಉಪ್ಪು ಮಾಂಸ ಬೇಯಿಸುತ್ತಾನೆಯೇ? ಇಲ್ಲಿ ನಾನೂ ನಿನ್ನಪ್ಪನೂ ಚೆನ್ನಾಗಿದ್ದೇವೆ. ಕಬ್ಬು ನುರಿಯುವುದು ಇನ್ನೂ ಮುಗಿದಿಲ್ಲ, ಊರೆಲ್ಲ ಕಾಕಂಬಿ ವಾಸನೆ. ನೀನು ನೆಟ್ಟ ಮಾವಿನ ಗಿಡ ಹೂ ಬಿಟ್ಟಿದೆ. ನೀನು ಬರುವಷ್ಟರಲ್ಲಿ ಬಾವಲಿಗಳು ಏನಾದರೂ ಉಳಿಸಿದ್ದರೆ ತಿನ್ನುವೆಯಂತೆ.

ಈಗ ನೀನು ಕಾಯುತ್ತಿರುವ ವಿಷಯ. "ನಾನು ಬರೋಷ್ಟರಲ್ಲಿ ಅಪ್ಪನ ಕೈಯಿಂದ ಜೀಪಿನ ಕೀ ತಗೊಂಡಿರು. ನಾನು ಕೇಳಿದ್ರೆ ಜಗಳ ಆಗತ್ತೆ, ನೀನು ಕೇಳಿದ್ರೆ ಕೊಡ್ತಾರೆ" ಎಂದು ಬರೆದು, ನೀನು ಆರಾಮಾಗಿ ಕಡಲ ನಡುವೆ ಕೂತುಬಿಟ್ಟೆ. ಅಪ್ಪ ಗೇಟಿನ ಪಕ್ಕದ ಅಂಚೆ ಪೆಟ್ಟಿಗೆಯ ಕಂಬಕ್ಕೆ ಜೀಪು ಗುದ್ದಿಸಿದಾಗಿನಿಂದ ನನಗೂ ನಿದ್ದೆಯಿಲ್ಲ. ಬೆಳಿಗ್ಗೆ ಅದೇ ಕಂಬದ ಹತ್ತಿರ ಮಕ್ಕಳು ಶಾಲೆಯ ಬಸ್ಸಿಗೆ ನಿಲ್ಲುತ್ತವೆ. ಅಪ್ಪ ಮಾತ್ರ ಕಂಬವೇ ಓರೆಯಾಗಿತ್ತು ಎನ್ನುತ್ತಾರೆ. ಜೀವಮಾನವೆಲ್ಲ ಲಾರಿ ಓಡಿಸಿದ ಮನುಷ್ಯನ ಮುಂದೆ ಸೊಸೆಯಾದವಳು ಕೈ ಚಾಚಿ ಕೀ ಕೊಡಿ ಎನ್ನುವುದಾದರೂ ಹೇಗೆ? ಅದಕ್ಕೇ ಒಂದು ಉಪಾಯ ಮಾಡಿದೆ. ಕಾಡು ಹಾದಿಯಲ್ಲಿ ವೇರಿ ಕೊಲ್ಲಿಯವರೆಗೆ ಹೋಗಿ ಡೇರೆ ಹಾಕಿ ಬರೋಣ ಎಂದೆ. ಕಡಲ ದಂಡೆಯಲ್ಲಿ ಚಹಾ ಕುಡಿಯುತ್ತ ಕೂತಾಗ ಮನಸ್ಸು ಮೆತ್ತಗಿರುತ್ತದೆ, ಆಗ ಕೇಳಿದರಾಯಿತು ಎಂಬ ಲೆಕ್ಕಾಚಾರ. ಅವರು ಕುಣಿದುಕೊಂಡು ಒಪ್ಪಿದರು. ಆದರೆ ಗಾಡಿ ಓಡಿಸುವುದು ತಾನೇ ಎಂದರು.

ನದಿಯವರೆಗೆ ನೇರ ರಸ್ತೆ, ಎರಡೂ ಬದಿ ಕಬ್ಬು. ಅಷ್ಟು ದೂರ ಬಿಟ್ಟುಕೊಟ್ಟೆ. ಒಂದು ಕೈ ಹ್ಯಾಂಡ್‌ಬ್ರೇಕಿನ ಮೇಲೇ ಇಟ್ಟುಕೊಂಡು ಕೂತಿದ್ದೆ, ಬೈಯಬೇಡ. ಎದುರು ಬಂದ ಗಾಡಿಗೆ ನಮಸ್ಕಾರದಂತೆ ಸ್ಟಿಯರಿಂಗಿನ ಮೇಲಿಂದ ಒಂದು ಬೆರಳು ಎತ್ತದಿದ್ದರೆ ನಿನ್ನಪ್ಪನ ಪ್ರಕಾರ ಅವನು ಮನುಷ್ಯನೇ ಅಲ್ಲ ಎಂಬುದು ನಿನಗೆ ಗೊತ್ತಲ್ಲ. ಎತ್ತುತ್ತಲೇ ಇದ್ದರು. ತಿರುವಿನ ಹತ್ತಿರ ಬಲು ಮರ್ಯಾದೆಯಿಂದ ಒಂದು ಬೆರಳು ಎತ್ತಿ, "ಯಾರೋ ಹೊಸಬ" ಎಂದರು. ಎದುರಿಗೆ ಗಾಡಿಯೇ ಇರಲಿಲ್ಲ, ಗಾರ್ತ್. ಕ್ಯಾಸೊವರಿ ಹಕ್ಕಿ ಅಡ್ಡ ಬರುತ್ತದೆ, ನಿಧಾನ ಎಂದು ಹಾಕಿರುವ ಹಳದಿ ಫಲಕ ಅದು. ನನಗೆ ನಗು ಉಕ್ಕಿ ಬಂತು, ಬಾಯಿ ಮುಚ್ಚಿಕೊಂಡೆ. ಅದರ ಬೆನ್ನಿಗೇ ವಾಲಿಯ ಕೆಂಪು ಗಾಡಿ ಬಂತು. ಅಪ್ಪನ ಜೊತೆ ನಲವತ್ತು ವರ್ಷ ರಜಾದಿನ ತಪ್ಪದೆ ಮೀನು ಹಿಡಿದ ವಾಲಿ! ಅವನು ಬೆರಳೆತ್ತಿದ. ಅಪ್ಪ ಎತ್ತಲಿಲ್ಲ. ಗಾಡಿ ದಾಟಿತೋ ಇಲ್ಲವೋ, ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೊದಲ್ಲಿ ಅವನ ದನಿ: "ಏನೋ ಕ್ಲಾರಿ, ದೊಡ್ಡ ಮನುಷ್ಯ ಆಗ್ಬಿಟ್ಯಾ? ನಾನು ನಿನ್ ಕಣ್ಣಿಗೆ ಬೀಳಲ್ವೇನೋ?" ಅಪ್ಪ ರೇಡಿಯೊದ ಮೈಕು ಹಿಡಿದು, "ಬೆರಳು ಉಳುಕಿದೆ ಕಣೋ, ಹೊಟ್ಟೆಕಿಚ್ಚಿನ ಮುದಿಯ" ಎಂದರು. ದನಿಯಲ್ಲಿ ಜೋರಿತ್ತು, ಮುಖ ಬಿಳುಚಿತ್ತು. ಆಗ ನನ್ನ ನಗು ಎಲ್ಲಿ ಹೋಯಿತೋ ತಿಳಿಯದು.

ನದಿ ದಾಟಿಸುವ ಲಾಂಚಿನ ಸಾಲಿನಲ್ಲಿ ಗಾಡಿ ನಿಲ್ಲಿಸಿ ಇಳಿದು, "ಮಂಡಿ ಹಿಡ್ಕೊಂಡಿದೆ ಹುಡುಗಿ, ಇನ್ನು ನೀನೇ ಓಡ್ಸು" ಎಂದು ಈಚೆ ಬಂದು ಕೂತರು. ಮಂಡಿಯೇ ಇರಲಿ ಎಂದುಕೊಂಡು ನಾನು ಸ್ಟಿಯರಿಂಗ್ ಹಿಡಿದೆ.

ಆ ಹಾದಿಯಲ್ಲಿ ನಾನು ಓಡಿಸಿದ್ದು ಇದೇ ಮೊದಲು. ನಿಮ್ಮ ಮನೆಯ ಗಂಡಸರು ಯಾವತ್ತು ಬಿಟ್ಟುಕೊಟ್ಟಿದ್ದೀರಿ? ಎಮಜೆನ್ ಹಳ್ಳದಲ್ಲಿ ನೀರು ಮಂಡಿಯಷ್ಟೇ ಇದ್ದಂತಿತ್ತು, ಆದರೆ ಮೊಸಳೆ ಹಳ್ಳವಾದ್ದರಿಂದ ಇಳಿದು ನೋಡುವಂತಿಲ್ಲ. ಆ ಕಡೆಯಿಂದ ಒಬ್ಬ ದಾಟಿ ಬರುವವರೆಗೂ ಕಾದು, ಅವನ ಜಾಡಿನಲ್ಲೇ ಇಳಿಸಿದೆ. ಕೌವಿ ಏರಿನಲ್ಲಿ ಜೀಪಿನ ಮೂತಿ ಆಕಾಶಕ್ಕೆ ನಿಂತಾಗ ನನಗೆ ಬೆವರು ಕಿತ್ತುಕೊಂಡಿತು. ಅಪ್ಪ ಮಾತ್ರ ತಮ್ಮ ಪಾಠ ಬಿಡಲಿಲ್ಲ. ಎದುರು ಬಂದವನಿಗೆ ನಾನು ಖುಷಿಯಲ್ಲಿ ಕೈ ಬೀಸಿದರೆ, "ಒಂದು ಬೆರಳು ಸಾಕು! ಕೈಯೆಲ್ಲಾ ಆಡ್ಸೋರು ಊರು ನೋಡೋಕೆ ಬಂದೋರು" ಎಂದು ಗದರಿಸಿದರು. ನಾನು ಕೈ ಬೀಸಿದ್ದು ಅವರಿಗೆ ಕಂಡಿತಲ್ಲ ಎಂದು ಒಳಗೊಳಗೇ ಸಂತೋಷವಾಯಿತು. ಪಕ್ಕದಲ್ಲಿರುವುದು ಅವರಿಗೆ ಕಾಣುತ್ತದೇನೋ, ನೇರ ಎದುರಿನದೇ ಕಾಣುವುದಿಲ್ಲ.

ವೇರಿ ಕೊಲ್ಲಿಯಲ್ಲಿ ನೀರಿನಿಂದ ದೂರ, ಮರಗಳ ಕೆಳಗೆ ಡೇರೆ ಹಾಕಿದೆವು. ಬೂದಿಯಲ್ಲಿ ರೊಟ್ಟಿ ಸುಟ್ಟೆ. ತಳ ಹತ್ತಿತು, ಆದರೂ ಅಪ್ಪ ಬೆಲ್ಲದ ಪಾಕ ಸುರಿದುಕೊಂಡು ಬಾಯಿ ಚಪ್ಪರಿಸಿ ತಿಂದರು. ನೀನು ಮಗುವಾಗಿದ್ದಾಗ ಇದೇ ದಂಡೆಯಲ್ಲಿ ಹಸಿರಿರುವೆಯನ್ನು ಬಾಯಿಗೆ ಹಾಕಿಕೊಂಡು, ಹುಳಿ ಎಂದು ಅಳುತ್ತ ಮತ್ತೊಂದು ಹುಡುಕಿಕೊಂಡು ಹೋದ ಕಥೆ ಹೇಳಿದರು. ನೂರನೆಯ ಸಲವಾದರೂ ನಕ್ಕೆ. ಕೇಳುವುದಾದರೆ ಇದೇ ಹೊತ್ತು ಎಂದು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವರು, "ಲೊರೆಲ್, ಕಡಲು ಈಗ ಯಾವ ಬಣ್ಣ ಇದೆಯೇ?" ಎಂದರು. ಸುಮ್ಮನೆ ಮಾತಿಗೆ ಕೇಳಿದ ಹಾಗೆ. ತೀರದಲ್ಲಿ ಹಾಲು ಬೆರೆಸಿದ ಚಹಾದ ಬಣ್ಣ, ಆಚೆಗೆ ಹಸಿರು, ಇನ್ನೂ ಆಚೆಗೆ ಸೀಸದ ಬಣ್ಣ ಎಂದೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂತು. ಒಲೆಯ ಹೊಗೆ ಎಂದು ಎದ್ದು ಹೋದೆ. ಕೀ ವಿಷಯ ಎತ್ತಲಿಲ್ಲ.

ಬರುವ ದಾರಿಯಲ್ಲಿ ನನಗೊಂದು ಯೋಚನೆ ಹೊಳೆಯಿತು. ಎದುರು ಯಾರಾದರೂ ಕಂಡರೆ ನಾನು ಮೊದಲೇ ಕೂಗುತ್ತಿದ್ದೆ: "ಬಿಳೀ ಗಾಡಿ ಬರ್ತಿದೆ, ಮೇಲೆ ದೋಣಿ ಕಟ್ಟಿದಾನೆ!" ಅಪ್ಪ ಮುಂದಿನ ಗಾಜಿನ ಕೆಳಗಿನ ಹಲಗೆಯ ಮೇಲಿಟ್ಟ ಕೈಯಿಂದ ಒಂದು ಬೆರಳು ಎತ್ತುತ್ತಿದ್ದರು. ಪಕ್ಕದಲ್ಲಿ ಕೂತವರು ಎತ್ತುವುದು ಪದ್ಧತಿಯಲ್ಲ ಎಂದು ನನಗೆ ಪಾಠ ಹೇಳಿದವರೇ ಅವರು. ಮಕ್ಕಳ ಹಾಗೆ ಆಡಿದೆವು, ಗಾರ್ತ್. ನಿನ್ನ ಅಪ್ಪನ ಮೇಲೆ ನನಗೆ ಇಷ್ಟು ಪ್ರೀತಿ ಇದೆ ಎಂದು ನನಗೇ ಗೊತ್ತಿರಲಿಲ್ಲ. ಆಮೇಲೆ ಏರು ಇಳಿದ ಮೇಲೆ ಬಹಳ ಹೊತ್ತು ಯಾರೂ ಬರಲಿಲ್ಲ. ಅವರ ಬೆರಳು ಹಲಗೆಯ ಮೇಲೆ ಸಿದ್ಧವಾಗಿ ಕಾಯುತ್ತಲೇ ಇತ್ತು. ನೋಡಲಾರದೆ ಒಂದು ಸುಳ್ಳು ಹೇಳಿದೆ: "ಹಸಿರು ಗಾಡಿ, ಒಬ್ಬ ಮುದುಕ ಓಡಿಸ್ತಿದಾನೆ." ಅಪ್ಪ ಬೆರಳೆತ್ತಿದರು. ಕಿಟಕಿಯ ಕಡೆ ತಿರುಗಿ ಕೂತರು.

ಮನೆಗೆ ಬಂದ ಕೂಡಲೇ ಕೈ ಚಾಚಿ, ಕೀ ಇಸಿದುಕೊಂಡು, ಎಂದಿನಂತೆ ಎದೆಯ ಜೇಬಿಗೆ ಹಾಕಿಕೊಂಡರು. ಕೇಳಲು ನನ್ನಿಂದ ಆಗಲಿಲ್ಲ, ಬೈಯುವುದಾದರೆ ಬೈ. ನೀನೇ ಬಂದು ಕೇಳು, ನಾನು ಬಾಗಿಲ ಹಿಂದೆ ನಿಂತಿರುತ್ತೇನೆ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಬಸ್ಸು ಹೋಗುವ ತನಕ ಏನಾದರೂ ನೆಪ ಮಾಡಿ ಅವರನ್ನು ತಡೆಯುತ್ತೇನೆ.

ಕಡಲು ನಿನ್ನನ್ನು ಜೋಪಾನವಾಗಿ ಇಟ್ಟುಕೊಳ್ಳಲಿ. ಅಡುಗೆಯವನಿಗೆ ನನ್ನ ಕನಿಕರ ತಿಳಿಸು, ಮತ್ತು ಕೈಗವಸು, ಕೈಗವಸು.

ಎಂದೆಂದೂ ನಿನ್ನ,
ಲೊರೆಲ್

ಮರೆತದ್ದಲ್ಲ, ಈಗಷ್ಟೇ ಆದದ್ದು: ಸೋಮವಾರ ಬೆಳಿಗ್ಗೆ. ಹಡಗಿನ ಟಪಾಲು ಹೊರಡುತ್ತದೆ, ಬೇಗ ಬೇಗ ಬರೆಯುತ್ತೇನೆ. ಲಕೋಟೆ ಅಂಟಿಸಲು ಕೂತಾಗ ಅಪ್ಪ ಬಂದು ಎದುರು ಕೂತರು. "ಆ ಹಸಿರು ಗಾಡಿ ಇತ್ತಲ್ಲ, ಒಳ್ಳೇ ಗಾಡಿ ಕಣೆ. ಸದ್ದಿಲ್ಲ, ಧೂಳಿಲ್ಲ" ಎಂದರು. ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಅವರು ನಗುತ್ತ ಎದೆಯ ಜೇಬಿನಿಂದ ಕೀ ತೆಗೆದು ನನ್ನ ಬಟ್ಟಲಿನ ಪಕ್ಕ ಇಟ್ಟರು. "ನನ್ ಮಂಡಿಗೂ ಏನೂ ಆಗಿಲ್ಲ, ಲೆಕ್ಕ ಸರಿಹೋಯ್ತು. ಇಲ್ಲದ ಗಾಡೀನೇ ನನಗೋಸ್ಕರ ನೋಡ್ದೋಳು, ಇರೋ ಗಾಡೀನ ನೋಡ್ದೇ ಇರ್ತೀಯಾ? ಇಟ್ಕೋ." ಆಮೇಲೆ ಬಾಗಿಲ ತನಕ ಹೋಗಿ ತಿರುಗಿ ನಿಂತು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: "ಗಾರ್ತ್‌ಗೆ ಬರಿ. ಊರಿಗೆ ಬಂದಾಗ ರಸ್ತೇಲಿ ಎದುರಾದ್ರೆ, ಮುದುಕಂಗೆ ಕಾಣ್ಸಲ್ಲ ಅಂತ ಬೆರಳೆತ್ತದೆ ಹೋಗ್ಬೇಡ ಅನ್ನು. ಲೊರೆಲ್ ಹೇಳ್ತಾಳೆ, ನಾನೂ ಎತ್ತೀನಿ."