ಮ್ಯೂಸಿಯಮ್ಮಿನಲ್ಲಿ ಬ್ಯಾರನ್ ಕಾದ ಅಪ್ಪ

ಕಂಪಲಾಪುರ
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಅವ್ವ,

ಸರಗೂರಿಗೆ ಹೋದ ಮೇಲೆ ನಿನ್ನ ಮಂಡಿನೋವು ಹೇಗಿದೆ? ಸೌಂದರ್ಯಕ್ಕ ಬಾಣಂತಿ ಪಥ್ಯ ಸರಿಯಾಗಿ ಮಾಡುತ್ತಿದ್ದಾಳೋ, ಕದ್ದು ಉಪ್ಪಿನಕಾಯಿ ನೆಕ್ಕುತ್ತಿದ್ದಾಳೋ? ಪಾಪುವಿಗೆ ಒಂದು ಮುತ್ತು. ಫೋನಿನಲ್ಲಿ ಮಾತಾಡಿದರೆ ಅಪ್ಪ ಪಕ್ಕದಲ್ಲೇ ಕಿವಿ ಕೊಟ್ಟು ಕೂತಿರುತ್ತಾನೆ, ಅದಕ್ಕೇ ಈ ಕಾಗದ.

ಅವ್ವಾ, ನಿನ್ನೆ ಮೈಸೂರಲ್ಲಿ ಏನಾಯಿತು ಅಂತ ತಿಳಿದರೆ ನೀನು ನಕ್ಕೂ ನಕ್ಕೂ ಪಾಪುವನ್ನು ಎಬ್ಬಿಸಿಬಿಡುತ್ತೀಯ! ನಮ್ಮ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆಯ ಬಗ್ಗೆ ನಾನು ತೆಗೆದ ವಿಡಿಯೋ ಚಿತ್ರ ಮ್ಯೂಸಿಯಮ್ಮಿನ ಕತ್ತಲೆ ಕೋಣೆಯಲ್ಲಿ ದಿನವಿಡೀ ಓಡುತ್ತಿದೆಯಲ್ಲ. ಮುಗಿದ ತಕ್ಷಣ ಅದೇ ಮತ್ತೆ ಶುರು, ತುದಿ ಯಾವುದು ಮೊದಲು ಯಾವುದು ಯಾರಿಗೂ ತಿಳಿಯುವುದಿಲ್ಲ. ಅಪ್ಪನ ಷರತ್ತು ನಿನಗೆ ಗೊತ್ತೇ ಇದೆ: "ಜನ ಕುಂತು ನೋಡುದ್ರೆ ಸರಿ, ಇಲ್ದಿದ್ರೆ ಕ್ಯಾಮೆರಾ ಬುಟ್ಟು ಕೆ.ಆರ್. ನಗರದ ಸ್ಕೂಲ್ ಕೆಲ್ಸಕ್ಕೆ ಸೇರ್ಕಬೇಕು." ಅದನ್ನು ಕಣ್ಣಾರೆ ನೋಡಲೆಂದೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಜೊತೆ ಬಸ್ಸು ಹತ್ತಿದ. ಹುಣಸೂರು ದಾಟುವಷ್ಟರಲ್ಲೇ ಅಪ್ಪನನ್ನು ವಾಪಸ್ಸು ಕರೆದೊಯ್ಯಲು ನಾನು ನೆಪ ಹುಡುಕತೊಡಗಿದೆ. ಯಾಕೆಂದರೆ ಆ ಕೋಣೆಯಲ್ಲಿ ಯಾರೂ ಕೂರುವುದಿಲ್ಲ. ಮಧ್ಯದಲ್ಲಿ ಬರುತ್ತಾರೆ, ಬಾಗಿಲಲ್ಲೇ ನಿಂತು ಮೊಬೈಲಿನಲ್ಲಿ ಒಂದು ಫೋಟೋ ತೆಗೆಯುತ್ತಾರೆ, ಹೋಗುತ್ತಾರೆ.

ಅಪ್ಪ ಮಾತ್ರ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಎರಡನೇ ಸುತ್ತಿಗೆ "ಈ ಸೌದೆ ಆಗ್ಲೇ ಹಾಕಾಯ್ತಲ್ಲ!" ಅಂತ ಜೋರಾಗಿ ಕೂಗಿ ನನ್ನ ಮಾನ ಕಳೆದ. ಇದು ಮುಗಿಯುವುದೇ ಇಲ್ಲ, ಊಟಕ್ಕೆ ಏಳಪ್ಪ ಅಂದರೆ ಏಳಲೊಲ್ಲ. "ಒಲೆ ಉರೀತಿರೋವಾಗ ಯಾರ್ಗೂ ಒಪ್ಪಿಸ್ದೆ ಎದ್ದೋಗಾದಾ?" ಬ್ಯಾರನ್ ಕಾಯುವವನು ಬದಲಿ ಆಳು ಬರುವ ತನಕ ಜಾಗ ಬಿಡಬಾರದಲ್ಲ, ಆ ರೂಢಿಯನ್ನು ಅಲ್ಲಿಗೂ ತಂದಿದ್ದ. ಕೊನೆಗೆ ಫೋಟೋ ತೆಗೆಯಲು ಬಂದ ಕನ್ನಡಕದವರೊಬ್ಬರ ಕೈ ಹಿಡಿದು ಕೂರಿಸಿಯೇಬಿಟ್ಟ: "ವಸಿ ನೋಡ್ಕಳಿ ಸ್ವಾಮಿ, ಉಂಡ್ಕಬತ್ತೀನಿ." ನಾನು ನಾಚಿಕೆಯಿಂದ ಅವರ ಮುಖ ಕೂಡ ನೋಡಲಿಲ್ಲ.

ಊಟ ಮುಗಿಸಿ ಬಂದರೆ ಕನ್ನಡಕದವರು ಇಲ್ಲ. ಆದರೆ ಅದೇ ಜಾಗದಲ್ಲಿ ಇನ್ಯಾರೋ ಹೆಂಗಸು! "ಒಬ್ರು ನೋಡ್ಕೊಳ್ಳಿ ಅಂತ ಹೇಳಿ ಹೋದ್ರು, ಈಗ ನಿಮ್ಗೆ ಒಪ್ಪಿಸ್ಲಾ?" ಅಂತ ಅಪ್ಪನನ್ನು ಕೇಳಿದರು. ಆಮೇಲೆ ಸಂಜೆಯವರೆಗೂ ಬೆಂಚು ಖಾಲಿ ಬೀಳಲಿಲ್ಲ ಕಣವ್ವ. ಒಬ್ಬರು ಇನ್ನೊಬ್ಬರಿಗೆ ಒಪ್ಪಿಸುತ್ತಾರೆ, ಒಪ್ಪಿಸಿದ ಮೇಲೂ ಏಳಲು ಮನಸ್ಸು ಬಾರದೆ ಪಕ್ಕಕ್ಕೆ ಸರಿದು ಕೂರುತ್ತಾರೆ. ಯಾವ ಸೌದೆ ಯಾವಾಗ ಬೀಳುತ್ತದೆ ಅಂತ ಬಾಯಿಪಾಠ ಆದವರು ಹೊಸಬರಿಗೆ ಹೇಳಿಕೊಡುತ್ತಿದ್ದರು. ಬಾಗಿಲು ಹಾಕುವ ಹೊತ್ತಿಗೆ ಕಾವಲಿನ ಅಂಕಯ್ಯ ಬಂದು, "ಈಗ ನಂಗೆ ಒಪ್ಪಿಸ್ಬುಡಿ ಯಜಮಾನ್ರೇ" ಅಂದಾಗಲೇ ಅಪ್ಪ ಎದ್ದದ್ದು. ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು! ಆದರೆ ಬಸ್ಸಿನಲ್ಲಿ ಅಪ್ಪ ಸ್ಕೂಲಿನ ಮಾತೇ ಎತ್ತಲಿಲ್ಲ. ಮೊದಲನೆಯವರನ್ನು ಕೈ ಹಿಡಿದು ಕೂರಿಸಿದ್ದು ಅಪ್ಪನೇ ಅಲ್ಲವೇ, ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ನಾನೂ ಕೇಳಲು ಹೆದರಿದೆ.

ಅಕ್ಕ ಭಾವನಿಗೆ ನಮಸ್ಕಾರ. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಅನುಶ್ರೀ

ವಿ.ಸೂ.: ಕವರು ಅಂಟಿಸುತ್ತಿದ್ದೆ ಅವ್ವ, ಹಿತ್ತಿಲಲ್ಲಿ ಅಪ್ಪ ಫೋನು ಹಿಡಿದು ಸ್ಕೂಲಿನವರಿಗೆ ಹೇಳುತ್ತಿರುವುದು ಕೇಳಿಸಿತು: "ನನ್ ಮಗ್ಳು ಬರಾಕಿಲ್ಲ, ಬ್ಯಾರೆಯವ್ರ ನೋಡ್ಕಳಿ. ಅವ್ಳಿಗೆ ಕೆಲ್ಸ ಐತೆ." ಕೆಲಸ ಅಂದ ಕಣವ್ವ! ನನಗಿನ್ನೂ ಹೇಳಿಲ್ಲ. ತಾನೇ ಹೇಳಲಿ, ನೀನು ಬಾಯಿ ಬಿಡಬೇಡ.